ನೀವೇನು ಹೇಳ್ತೀರಿ

ಕುಸುಮಾ ಅತ್ತೆಯ ನಡುಬೆರಳಿಗೆ ಸೀಗೆಪುಡಿ ಹಚ್ಚಿ ಉಜ್ಜುತ್ತಿದ್ದಳು. ಮಿಕ್ಕ ಮೈಯೆಲ್ಲ ತೊಳೆದಾಗಿತ್ತು. ಪೆನ್ನು ಒತ್ತಿ ಗಟ್ಟಿಯಾಗಿದ್ದ ಆ ಬೆರಳಿನ ಪಕ್ಕದಲ್ಲಿ ನೀಲಿ ಶಾಯಿ ಮಾತ್ರ ಹೋಗುತ್ತಿರಲಿಲ್ಲ.

"ಬಿಡೇ ಕುಸುಮಾ, ಚರ್ಮ ಕಿತ್ತು ಬಂದಾತು," ಎಂದರು ನೀರು ಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿ. "ಮಣ್ಣಿಗೆ ಹೋಗೋ ಕೈ. ಏನಿದ್ರೇನು."

"ನಿನ್ನೆ ಬರೀತಾ ಕೂತಿದ್ರಜ್ಜಿ. ಮುಂದಿನ ವಾರ ಪರೀಕ್ಷೆ ಇತ್ತು. ಸಾಕು, ಲೈಟ್ ಆರಿಸಿ ಮಲಕ್ಕೊಳ್ಳಿ ಅಂತ ಹೇಳ್ಬಿಟ್ಟು ನಾನು ಹೋದೆ. ಬೆಳಿಗ್ಗೆ ಕಾಫಿ ತಗೊಂಡು ಹೋದ್ರೆ..." ಕುಸುಮಾ ಮತ್ತೆ ಬೆರಳನ್ನು ಹಿಡಿದುಕೊಂಡಳು.

ಲಕ್ಷ್ಮಿದೇವಮ್ಮನಿಗೆ ಅರವತ್ತು ದಾಟಿತ್ತು. ಹೇರೋಹಳ್ಳಿಯಲ್ಲಿ ಆಕೆಯನ್ನು ಎಲ್ಲರೂ ಬಲ್ಲರು. ಹನುಮಂತರಾಯಪ್ಪನ ಹೆಂಡತಿ, ಟೈಲ್ಸ್ ಅಂಗಡಿ ಭೈರೇಶನ ತಾಯಿ, ಮೂರಂತಸ್ತಿನ ಮನೆಯ ಮೇಲಿನೆರಡು ಮಹಡಿಯ ಬಾಡಿಗೆದಾರರಿಗೆ ಓನರ್ ಆಂಟಿ. ಈ ವಯಸ್ಸಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸು ಹತ್ತಿ ಯೂನಿವರ್ಸಿಟಿಗೆ ಹೋಗುತ್ತಾಳೆ ಎಂಬುದೂ ಊರಿಗೆ ಗೊತ್ತಿತ್ತು. ಅಲ್ಲಿ ಏನು ಓದುತ್ತಾಳೆ ಎಂಬುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹೊರಗೆ ಶಾಮಿಯಾನದ ಕೆಳಗೆ ಅದೇ ಮಾತು ನಡೆದಿತ್ತು.

"ಅದೇನೋ ತತ್ವಶಾಸ್ತ್ರವಂತೆ. ಪುರಾಣ, ಭಗವದ್ಗೀತೆ, ಅಂಥದ್ದಿರಬೇಕು."

"ಅದಕ್ಕೆ ಯೂನಿವರ್ಸಿಟಿಗೇ ಹೋಗ್ಬೇಕಾ? ಟೀವಿ ಹಾಕಿದ್ರೆ ಬೆಳಿಗ್ಗೆ ಸ್ವಾಮಿಗಳು ಹೇಳ್ತಾರಲ್ಲ."

"ಗಂಡ ಹೋದ್ಮೇಲೆ ಹೊತ್ತು ಹೋಗ್ಬೇಕಲ್ಲಪ್ಪ."

ಆಗ ಗೇಟಿನ ಹತ್ತಿರ ಆಟೋದಿಂದ ಹುಡುಗಿಯೊಬ್ಬಳು ಇಳಿದಳು. ಜೀನ್ಸು, ಬಿಳಿ ಕುರ್ತಾ, ಕೈಯಲ್ಲೊಂದು ಸುಗಂಧರಾಜದ ಹಾರ. ಹೆಸರು ದಿವ್ಯ. ತಿಪಟೂರಿನವಳು, ಅತ್ತಿಗುಪ್ಪೆಯಲ್ಲಿ ಪೀಜಿಯಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದಳು. ಅವರ ತರಗತಿಯಲ್ಲಿ ಇದ್ದದ್ದೇ ನಾಲ್ಕು ಜನ. ವಾಟ್ಸಾಪ್ ಗುಂಪಿನಲ್ಲಿ ಅನಿಕೇತ್ ಮತ್ತು ಅಮರೇಶ ಕೈಮುಗಿದ ಚಿತ್ರ ಹಾಕಿ ಸುಮ್ಮನಾಗಿದ್ದರು. ದಿವ್ಯ ಒಬ್ಬಳೇ ಬಂದಿದ್ದಳು.

"ಯಾರ ಕಡೆಯವಳಮ್ಮ ನೀನು?" ಕುರ್ಚಿಯಲ್ಲಿ ಕುಳಿತಿದ್ದ ಮುದುಕರೊಬ್ಬರು ಕೇಳಿದರು. ಅವರು ಕೆಂಪಯ್ಯ, ಹನುಮಂತರಾಯಪ್ಪನ ತಮ್ಮ. ಇವತ್ತಿನ ಕೆಲಸವೆಲ್ಲ ಅವರ ಮಾತಿನ ಮೇಲೆ ನಡೆಯುತ್ತಿತ್ತು.

"ಆಂಟಿ ಕಡೆ. ಅವರ ಕ್ಲಾಸ್‌ಮೇಟ್ ನಾನು."

ಅಲ್ಲಿದ್ದವರಲ್ಲಿ ಒಂದಿಬ್ಬರು ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಕೆಂಪಯ್ಯ ನಗಲಿಲ್ಲ. ಫೋನು ಬಂತು, ಎತ್ತಿ ಗಟ್ಟಿಯಾಗಿ ಹೇಳಿದರು: "ಹೂಂ, ತೋಟದಲ್ಲೇ. ಅಣ್ಣನ ಸಮಾಧಿ ಇದೆಯಲ್ಲ, ಅದರ ಎಡಗಡೆಗೆ ತೋಡಪ್ಪ. ಒಂದು ಮೊಳ ಬಿಟ್ಟು. ಹತ್ತಿರವೇ ಇರ್ಲಿ, ಗಂಡ ಹೆಂಡ್ತಿ."

ದಿವ್ಯ ಹಾರ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು.

*

ಎರಡು ವರ್ಷದ ಹಿಂದೆ, ಜ್ಞಾನಭಾರತಿ ಕ್ಯಾಂಪಸ್ಸಿನ ಆ ತರಗತಿಗೆ ಲಕ್ಷ್ಮಿದೇವಮ್ಮ ಮೊದಲ ದಿನ ಬಂದಾಗ ಹುಡುಗರು ಮೇಷ್ಟ್ರು ಬಂದರೆಂದು ಎದ್ದು ನಿಂತಿದ್ದರು. ಆಕೆ ಗಾಬರಿಯಾಗಿ ತಾವೂ ನಿಂತೇ ಇದ್ದರು. ಮದುವೆಯಾದಾಗ ಓದಿದ್ದು ಎಸ್ಸೆಸ್ಸೆಲ್ಸಿ. ಪಿಯುಸಿ, ಬಿ.ಎ. ಎರಡನ್ನೂ ಮನೆಯಲ್ಲೇ ಕುಳಿತು ಅಂಚೆ ಶಿಕ್ಷಣದಲ್ಲಿ ಮುಗಿಸಿದ್ದರು. ತರಗತಿ ಎಂಬುದರೊಳಗೆ ಕುಳಿತು ನಲವತ್ತು ವರ್ಷಗಳ ಮೇಲಾಗಿತ್ತು.

ನೀತಿಶಾಸ್ತ್ರದ ಪಾಠ ಮಾಡುತ್ತಿದ್ದವರು ಮಧ್ವೇಶ್. ಅವರು ಮೊದಲ ವಾರವೇ ಒಂದು ಪ್ರಶ್ನೆ ಇಟ್ಟರು. ನಿಮಗೆ ಬೇಕಾದವರು ಒಂದು ತಪ್ಪು ಮಾಡಿದ್ದಾರೆ. ಅದನ್ನು ನೋಡಿದವರು ನೀವೊಬ್ಬರೇ. ನಾಲ್ಕು ಜನರ ಮುಂದೆ ಕೇಳಿದಾಗ ನಿಜ ಹೇಳಬೇಕೋ, ನಿಮ್ಮವರನ್ನು ಉಳಿಸಿಕೊಳ್ಳಬೇಕೋ?

ಅನಿಕೇತ್ ಏನೋ ಹೇಳಿದ. ಅಮರೇಶ ಅದಕ್ಕೆ ಎದುರು ಹೇಳಿದ. ಆಮೇಲೆ ಮಧ್ವೇಶ್ ಕೊನೆಯ ಬೆಂಚಿನ ಕಡೆ ತಿರುಗಿ, "ಲಕ್ಷ್ಮಿದೇವಮ್ಮನವರೇ, ನೀವೇನು ಹೇಳ್ತೀರಿ?" ಎಂದರು.

ಆಕೆ ಎದ್ದು ನಿಂತರು. ಕಣ್ಣಲ್ಲಿ ನೀರು ತುಂಬಿತು. "ನಾಳೆ ಹೇಳ್ತೀನಿ ಸಾರ್," ಎಂದು ಕುಳಿತುಬಿಟ್ಟರು.

ಮರುದಿನ ಪಾಠ ಬೇರೆಯಾಗಿತ್ತು. ಆದರೆ ಲಕ್ಷ್ಮಿದೇವಮ್ಮ ಕೈಯೆತ್ತಿದರು. "ನಿನ್ನೆ ಕೇಳಿದ್ರಲ್ಲ ಸಾರ್, ಅದಕ್ಕೆ. ನಿಜಾನೇ ಹೇಳ್ಬೇಕು. ಆದ್ರೆ ಹೇಳಿದ್ಮೇಲೆ ಒಬ್ಬರೇ ಇರೋಕೆ ತಯಾರಿರ್ಬೇಕು."

"ಯಾಕೆ ಹಾಗಂತೀರಿ?" ಎಂದರು ಮಧ್ವೇಶ್.

"ಅಷ್ಟೇ ಸಾರ್," ಎಂದರು ಆಕೆ.

ಅಲ್ಲಿಂದಾಚೆ ಆಕೆಯ ಮಾತು ನಿಲ್ಲಲಿಲ್ಲ. ಎಲ್ಲದಕ್ಕೂ ಕೈ ಎತ್ತುವರು. ಬೌದ್ಧ ಧರ್ಮದ ಪಾಠದಲ್ಲಿ ತಮ್ಮ ಎಮ್ಮೆಯ ವಿಷಯ ತರುವರು, ಜೈನರ ಪಾಠದಲ್ಲಿ ಸೊಳ್ಳೆಬತ್ತಿಯ ವಿಷಯ. ಅಮರೇಶ ಗಡಿಯಾರ ನೋಡುತ್ತಿದ್ದ. "ಸ್ವಲ್ಪ ಬೇರೆಯವರಿಗೂ ಬಿಡಿ ಅಮ್ಮ," ಎಂದು ಮಧ್ವೇಶರೇ ಒಂದೆರಡು ಸಲ ಹೇಳಬೇಕಾಯಿತು. ತರ್ಕಶಾಸ್ತ್ರದ ಪತ್ರಿಕೆಯಲ್ಲಿ ಫೇಲಾದರು. ಅದಕ್ಕೇ ಈಗ ಮತ್ತೆ ಓದುತ್ತಿದ್ದರು. ಅಕ್ಕಿ ತೊಳೆಯುತ್ತ "ಪಿ ಇದ್ದರೆ ಕ್ಯೂ. ಕ್ಯೂ ಇಲ್ಲ. ಹಾಗಾದರೆ ಪಿ ಇಲ್ಲ" ಎನ್ನುವುದನ್ನು ಕೇಳಿ ಕುಸುಮಾ ಇದೇನೋ ಮಂತ್ರವೆಂದುಕೊಂಡಿದ್ದಳು.

"ನೀವು ಫಿಲಾಸಫಿನೇ ಯಾಕೆ ತಗೊಂಡ್ರಿ ಆಂಟಿ?" ಎಂದು ದಿವ್ಯ ಒಮ್ಮೆ ಕೇಳಿದ್ದಳು.

"ಇದಕ್ಕೆ ಜನ ಸೇರಲ್ಲ ಅಂದ್ರು ಕಣೇ. ಜನ ಕಮ್ಮಿ ಇದ್ರೆ ನನ್ನನ್ನೂ ಕೇಳ್ತಾರಲ್ಲ," ಎಂದು ಆಕೆ ನಕ್ಕಿದ್ದರು.

*

ಹಿತ್ತಲಿನಲ್ಲಿ ಯಾರೋ ಪಕ್ಕದ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟಿದ್ದರು. ಕುಸುಮಾ ಒದ್ದೆ ಸೀರೆಯಲ್ಲೇ ಕಟ್ಟೆಯ ಮೇಲೆ ಕುಳಿತಿದ್ದಳು. ದಿವ್ಯ ಅವಳ ಹತ್ತಿರ ಹೋಗಿ ನಿಂತಳು.

"ನೀವು ದಿವ್ಯ ಅಲ್ವಾ? ಅತ್ತೆ ದಿನಾ ನಿಮ್ ಹೆಸರು ಹೇಳೋರು. ದಿವ್ಯ ಹಂಗಂದ್ಲು, ನಾನು ಹಿಂಗಂದೆ ಅಂತ."

"ಅಕ್ಕ, ನಾನೊಂದು ಮಾತು ಹೇಳ್ಬೇಕು. ಹೇಳ್ಬೇಕೋ ಬೇಡ್ವೋ ಅಂತಾನೂ ಗೊತ್ತಾಗ್ತಿಲ್ಲ."

ಕುಸುಮಾ ತಲೆಯೆತ್ತಿದಳು.

ಹೋದ ತಿಂಗಳು ತರಗತಿಯಲ್ಲಿ ಸತ್ತವರ ಬಗ್ಗೆ ಚರ್ಚೆ ನಡೆದಿತ್ತು. ಸತ್ತವರ ಇಚ್ಛೆಯನ್ನು ಮೀರಿದರೆ ಅವರಿಗೆ ಅನ್ಯಾಯವಾಗುತ್ತದೆಯೇ ಎಂಬುದು ಪ್ರಶ್ನೆ. ಸೆಮಿನಾರ್ ಮಾಡಿದವಳು ದಿವ್ಯ. ಸತ್ತವರು ಇಲ್ಲ, ಇಲ್ಲದವರಿಗೆ ನೋವಿಲ್ಲ, ನೋವಿಲ್ಲದ ಕಡೆ ಅನ್ಯಾಯವೂ ಇಲ್ಲ ಎಂದು ಅವಳು ವಾದಿಸಿದ್ದಳು. ಮಧ್ವೇಶ್ ಮೆಚ್ಚಿಕೊಂಡಿದ್ದರು. ಎಲ್ಲದಕ್ಕೂ ಬಾಯಿ ಹಾಕುವ ಲಕ್ಷ್ಮಿದೇವಮ್ಮ ಅವತ್ತು ಮಾತ್ರ ತೆಪ್ಪಗೆ ಕುಳಿತಿದ್ದರು.

ಸಂಜೆ ಬಸ್ ಸ್ಟಾಪಿನಲ್ಲಿ ಆಕೆ ಕೇಳಿದರು: "ಸತ್ತವರಿಗೆ ಏನೂ ಗೊತ್ತಾಗಲ್ಲ ಅಂದ್ಯಲ್ಲ, ಹಂಗಾದ್ರೆ ನನಗ್ಯಾಕೆ ಈಗ್ಲೇ ಭಯ ಆಗುತ್ತೆ?"

"ಏನ್ ಭಯ ಆಂಟಿ?"

"ನನ್ನನ್ನ ತಗೊಂಡು ಹೋಗಿ ನಮ್ಮೆಜಮಾನ್ರ ಪಕ್ಕದಲ್ಲಿ ಮಲಗಿಸ್ತಾರೆ. ಜಾಗ ಬಿಟ್ಟವ್ರೆ ಆಗ್ಲೇ. ನಂಗೆ ಅಲ್ಲಿ ಬೇಡ ಕಣೇ. ಅವರು ಹೋಗೋವರೆಗೂ ಇಪ್ಪತ್ತು ವರ್ಷದ ಮೇಲೆ, ಒಂದೇ ಹಾಸಿಗೇಲಿ ಅವರು ಆ ಕಡೆ ಮುಖ, ನಾನು ಈ ಕಡೆ. ಒಂದು ಮಾತಿಲ್ಲ. ಅಲ್ಲೂ ಹಂಗೇ ಇರ್ಬೇಕಾ?"

"ನೀವು ಮನೇಲಿ ಹೇಳಿ ಆಂಟಿ."

"ಭೈರ ಅಳ್ತಾನೆ. ಅವರಪ್ಪ ಅಂದ್ರೆ ಅವನಿಗೆ ಪ್ರಾಣ."

ಅಷ್ಟರಲ್ಲಿ ಬಸ್ಸು ಬಂತು. ಆಕೆ ಹತ್ತಿಕೊಂಡರು. ದಿವ್ಯ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಆಕೆ ಕೇಳಿಯೂ ಇರಲಿಲ್ಲ.

ಇದನ್ನೆಲ್ಲ ಕೇಳಿದ ಕುಸುಮಾ ಒದ್ದೆ ಸೆರಗಿನ ತುದಿ ಹಿಂಡಿದಳು.

"ನಾನು ಈ ಮನೆಗೆ ಬಂದ ಹೊಸದ್ರಲ್ಲಿ ಮಾವ ಊಟಕ್ಕೆ ಕೂತಿದ್ರು. ನಿಮ್ಮತ್ತೆಗೆ ಹೇಳಮ್ಮ, ಸಾರಿಗೆ ಉಪ್ಪಿಲ್ಲ ಅಂತ ಅಂದ್ರು. ಅತ್ತೆ ಅಲ್ಲೇ ಬಡಿಸ್ತಾ ನಿಂತಿದ್ರು. ನಾನು ತಮಾಷೆಗೆ ಅಂತಾವ್ರೆ ಅಂದ್ಕೊಂಡು ನಕ್ಬಿಟ್ಟೆ." ಅವಳು ಎದ್ದು ನಿಂತಳು. "ನೀವೇ ಹೇಳಿ ಅವರಿಗೆ. ನಾನು ಸೊಸೆ. ನಾನು ಹೇಳಿದ್ರೆ ಕಟ್ಟಿ ಹೇಳ್ತಿದಾಳೆ ಅಂತಾರೆ."

ಭೈರೇಶ್ ಒಳಕೋಣೆಯಲ್ಲಿ ಬಿಳಿ ಪಂಚೆ ಸುತ್ತಿಕೊಳ್ಳುತ್ತಿದ್ದ. ದೊಡ್ಡ ಆಳು, ಕೆಂಪು ಕಣ್ಣು. ದಿವ್ಯ ಹೇಳುವಷ್ಟನ್ನೂ ತಲೆ ತಗ್ಗಿಸಿ ಕೇಳಿದ.

"ಯಾವಾಗ ಹೇಳಿದ್ರು?"

"ಹೋದ ತಿಂಗಳು."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನೀವು ಅಳ್ತೀರಾ ಅಂತ."

ಭೈರೇಶ್ ಕಣ್ಣೊರೆಸಿಕೊಂಡ. ಬಾಗಿಲಲ್ಲಿ ನಿಂತಿದ್ದ ಕೆಂಪಯ್ಯ ಒಳಗೆ ಬಂದರು.

"ಏನಮ್ಮ ಇದು? ಎರಡು ದಿನ ಜೊತೇಲಿ ಓದಿದ್ದಕ್ಕೆ ನಮ್ಮನೆ ಹೆಣ ಎಲ್ಲಿಡ್ಬೇಕು ಅಂತ ನೀನು ಹೇಳ್ತೀಯಾ? ಗಂಡ ಹೆಂಡ್ತಿನ ಬೇರೆ ಮಾಡಿ ಹೂಳಿದ್ರೆ ಊರೋರು ಬಾಯಿಗೆ ಬಂದಂಗೆ ಆಡ್ಕೊಳ್ತಾರೆ. ಗುಂಡಿ ಬೇರೆ ತೋಡಿ ಆಗಿದೆ."

"ತಾತ, ನಾನು ಅವರು ಅಂದಿದ್ದನ್ನ ಹೇಳಿದೆ ಅಷ್ಟೇ."

"ಬಿಡಿ ಚಿಕ್ಕಪ್ಪ," ಎಂದ ಭೈರೇಶ್. ದಿವ್ಯಳ ಕಡೆ ನೋಡದೆ ಪಂಚೆಯ ಗಂಟು ಬಿಗಿದುಕೊಂಡ. "ಬಂದಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಬಿಸಿಲು ಜಾಸ್ತಿ ಆಗ್ತಿದೆ, ನೀವು ಹೊರಡಿ."

ಆದರೆ ದಿವ್ಯ ಹೊರಡಲಿಲ್ಲ. ತಮಟೆ ಶುರುವಾಗಿ ಚಟ್ಟ ಎತ್ತಿದಾಗ ಎಲ್ಲರ ಹಿಂದೆ, ನಾಲ್ಕು ಮಾರು ದೂರದಲ್ಲಿ ಒಬ್ಬಳೇ ನಡೆದಳು. ರಸ್ತೆ ಅಗೆದು ಬಿಟ್ಟಿದ್ದರು. ಹೊತ್ತವರು ಪೈಪುಗಳನ್ನು ದಾಟುವಾಗ ಚಟ್ಟ ವಾಲುತ್ತಿತ್ತು. ನೀರಿನ ಟ್ಯಾಂಕರೊಂದು ದಾರಿ ಬಿಡಲಾಗದೆ ಹಾರ್ನ್ ಹೊಡೆದು, ವಿಷಯ ತಿಳಿದು ನಿಂತಿತು.

ಸ್ವಲ್ಪ ದೂರ ಹೋದ ಮೇಲೆ ಕೆಂಪಯ್ಯ ನಡಿಗೆ ನಿಧಾನ ಮಾಡಿ ಅವಳ ಪಕ್ಕಕ್ಕೆ ಬಂದರು. ಏದುಸಿರು ಬಿಡುತ್ತಿದ್ದರು.

"ಅತ್ತಿಗೆ ಬೇರೇನಾದ್ರೂ ಹೇಳಿದ್ಳಾ? ನನ್ ವಿಷಯ?"

"ಇಲ್ಲ ತಾತ. ನಿಮ್ಮ ಹೆಸರೂ ನಂಗೆ ಇವತ್ತೇ ಗೊತ್ತಾಗಿದ್ದು."

"ಅಣ್ಣ ಯಾಕೆ ಮಾತು ಬಿಟ್ಟ ಅಂತ?"

"ಹೇಳ್ಲಿಲ್ಲ. ಒಂದ್ಸಲ ಕ್ಲಾಸಲ್ಲಿ ಮಾತ್ರ ಅಂದಿದ್ರು. ನಿಜಾನೇ ಹೇಳ್ಬೇಕು, ಆದ್ರೆ ಹೇಳಿದ್ಮೇಲೆ ಒಬ್ಬರೇ ಇರೋಕೆ ತಯಾರಿರ್ಬೇಕು ಅಂತ. ಯಾಕೆ ಅಂತ ಸರ್ ಕೇಳಿದ್ರೂ ಹೇಳ್ಲಿಲ್ಲ."

ಕೆಂಪಯ್ಯ ನಿಂತುಬಿಟ್ಟರು. ತಮಟೆಯ ಸದ್ದು ಮುಂದೆ ಮುಂದೆ ಹೋಯಿತು.

*

ಇಪ್ಪತ್ತೈದು ವರ್ಷದ ಹಿಂದೆ ಹೇರೋಹಳ್ಳಿ ಇನ್ನೂ ಹಳ್ಳಿಯಾಗಿತ್ತು. ಅಣ್ಣತಮ್ಮಂದಿರು ಪಾಲಾಗಿ ತೋಟವನ್ನು ಎರಡು ಮಾಡಿಕೊಂಡಿದ್ದರು. ಊರವರೆಲ್ಲ ಮದುವೆಯೊಂದಕ್ಕೆ ಹೋಗಿದ್ದ ಮಧ್ಯಾಹ್ನ ಲಕ್ಷ್ಮಿದೇವಮ್ಮ ಗಂಡನಿಗೆ ಬುತ್ತಿ ತೆಗೆದುಕೊಂಡು ಹೋದಾಗ ಅವನು ಹಾರೆ ಹಾಕಿ ಬದುವಿನ ಕಲ್ಲು ಕೀಳುತ್ತಿದ್ದ. ಆಕೆಯ ಕಣ್ಣೆದುರಿಗೇ ಅದನ್ನು ತಮ್ಮನ ಕಡೆಗೆ ನಾಲ್ಕು ಮಾರು ಸರಿಸಿ ನೆಟ್ಟ. ಮಣ್ಣು ತುಳಿದು ಸಮ ಮಾಡಿ, ಕೈ ತೊಳೆದು, ಊಟಕ್ಕೆ ಕುಳಿತ. "ಅವನಿಗೇನು ಗೊತ್ತಾಗಲ್ಲ," ಎಂದ.

ಕೆಂಪಯ್ಯನಿಗೆ ಗೊತ್ತಾಯಿತು. ನ್ಯಾಯ ಅರಳಿಕಟ್ಟೆಗೆ ಬಂತು. ಕಲ್ಲು ಇದ್ದಲ್ಲೇ ಇದೆ ಎಂದು ಹನುಮಂತರಾಯಪ್ಪ ದೇವರ ಮೇಲೆ ಆಣೆ ಮಾಡಿದ. ಹಿರಿಯರಿಗೂ ಜಗಳ ಮುಗಿದರೆ ಸಾಕಾಗಿತ್ತು. ನೀರಿನ ಕೊಡ ಹೊತ್ತು ಆ ದಾರಿಯಲ್ಲಿ ಬಂದ ಲಕ್ಷ್ಮಿದೇವಮ್ಮನನ್ನು ನಿಲ್ಲಿಸಿ, "ನೀನು ದಿನಾ ತೋಟಕ್ಕೆ ಹೋಗೋಳು. ಕಲ್ಲು ಸರಿಸಿದ್ದು ಏನಾದ್ರೂ ನೋಡಿದ್ಯೇನಮ್ಮ?" ಎಂದು ಬಾಯಿಮಾತಿಗೆ ಕೇಳಿದರು. ಇಲ್ಲ ಎನ್ನುತ್ತಾಳೆ, ಎಲ್ಲರೂ ಎದ್ದು ಹೋಗಬಹುದು ಎಂದುಕೊಂಡಿದ್ದರು.

ಆಕೆ ಕೊಡ ಇಳಿಸಿದಳು. "ನೋಡ್ದೆ," ಎಂದಳು.

ಅವತ್ತು ಗಂಡ ಹೊಡೆಯುತ್ತಾನೆಂದು ಆಕೆ ಕಾದಳು. ಅವನು ಹೊಡೆಯಲಿಲ್ಲ, ಬಯ್ಯಲಿಲ್ಲ. ಉಂಡು, ಕೈ ತೊಳೆದು, ಮಗನನ್ನು ಕರೆದು ಹೇಳಿದ: "ಭೈರ, ನಿಮ್ಮಮ್ಮನಿಗೆ ಹೇಳು. ನಾಳೆ ನಾನು ಬೇಗ ಹೋಗ್ಬೇಕು." ಆಕೆ ಕೈಗೆಟುಕುವಷ್ಟು ಹತ್ತಿರದಲ್ಲಿ ನಿಂತಿದ್ದಳು.

ಯುಗಾದಿಯ ಹೊತ್ತಿಗೆ ಸರಿಹೋಗುತ್ತಾನೆ ಎಂದುಕೊಂಡಳು. ಆಮೇಲೆ ದೀಪಾವಳಿಯ ಹೊತ್ತಿಗೆ. ಅವನು ಆಕೆಗೆ ಸೀರೆ ತರುತ್ತಿದ್ದ, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಹೇಳುವುದನ್ನು ಮಾತ್ರ ಡಾಕ್ಟರಿಗೆ ಹೇಳುತ್ತಿದ್ದ. ಊರಿನ ಕಣ್ಣಿಗೆ ಒಳ್ಳೆಯ ಗಂಡ. ಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲದಾಗ ಆಕೆ ಪುಸ್ತಕ ಹಿಡಿದಳು. ಕೆಂಪಯ್ಯ ತನ್ನ ಜಾಗ ತಾನು ಪಡೆದವನು ಅಣ್ಣನಿಗೆ ಹೆದರಿ ಅತ್ತಿಗೆಯ ಜೊತೆ ಮಾತು ಕಮ್ಮಿ ಮಾಡಿದ.

ನಾಲ್ಕು ವರ್ಷದ ಹಿಂದೆ ಹನುಮಂತರಾಯಪ್ಪ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದವಳು ಆಕೆಯೇ. ಅವನು ಗೋಡೆ ನೋಡುತ್ತ ಬಾಯಿ ತೆರೆಯುತ್ತಿದ್ದ. ಇವತ್ತು ಏನಾದರೂ ಅಂದಾನು ಎಂದು ಪ್ರತಿ ತುತ್ತಿಗೂ ಆಕೆ ಒಂದು ಗಳಿಗೆ ತಡೆಯುತ್ತಿದ್ದಳು. ಅವನು ಅನ್ನದೆಯೇ ಹೋದ.

*

ತೋಟ ಎಂಬುದು ಹೆಸರಿಗಷ್ಟೇ ಉಳಿದಿತ್ತು. ಮೂರು ಕಡೆ ಅಪಾರ್ಟ್‌ಮೆಂಟುಗಳ ಹಿಂಗೋಡೆ, ನಡುವೆ ಎಂಟು ಗುಂಟೆ ಜಾಗ, ಒಂದಷ್ಟು ತೆಂಗು. ಹನುಮಂತರಾಯಪ್ಪನ ಸಮಾಧಿಗೆ ಭೈರೇಶ್ ತನ್ನ ಅಂಗಡಿಯದೇ ಕಪ್ಪು ಗ್ರಾನೈಟು ಹಾಕಿಸಿದ್ದ. ಅದರ ಎಡಗಡೆ ಗುಂಡಿ ತೋಡಿ ಜೆಸಿಬಿಯವನು ನೆರಳಿನಲ್ಲಿ ಕುಳಿತಿದ್ದ.

ಚಟ್ಟ ಇಳಿಸಿದರು. ಇಳಿಸಿದ ಮೇಲೆ ಯಾರಿಗೋ ಕೆಂಪಯ್ಯನ ನೆನಪಾಯಿತು.

ಅವರು ಆಮೇಲೆ ಬಂದರು, ದಿವ್ಯಳ ಹಿಂದೆ, ಬೇಲಿ ಹಿಡಿದುಕೊಂಡು. ಗುಂಡಿಯ ಹತ್ತಿರ ಬರಲಿಲ್ಲ. ತೋಟದ ಆ ತುದಿಗೆ, ಬದುವಿನ ಕಲ್ಲು ದಾಟಿ ತಮ್ಮ ಭಾಗಕ್ಕೆ ನಡೆದು ಎರಡು ತೆಂಗಿನ ಮರಗಳ ನಡುವೆ ನಿಂತರು. "ಏಯ್, ಗಾಡಿ ಈ ಕಡೆ ತಗೊಂಡ್ ಬಾ," ಎಂದು ಜೆಸಿಬಿಯವನನ್ನು ಕೂಗಿದರು. "ಇಲ್ಲಿ ತೋಡು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಚಿಕ್ಕಪ್ಪ," ಎಂದ ಭೈರೇಶ್. "ಅದು ನಿಮ್ ಜಾಗ."

"ನಂದಾಗಿದ್ದು ಹೆಂಗೆ ಅಂತ ನಿಂಗೆ ಗೊತ್ತಿಲ್ವಾ? ನಿಮ್ಮಮ್ಮ ಬಾಯಿ ಬಿಟ್ಟಿದ್ದಕ್ಕೆ ನಂದಾಯ್ತು." ಅವರು ತೆಂಗಿನ ಮರ ಹಿಡಿದುಕೊಂಡರು. "ಆಮೇಲೆ ಅವಳ ಹತ್ರ ಯಾರೂ ಬಾಯಿ ಬಿಡ್ಲಿಲ್ಲ. ನಿಮ್ಮಪ್ಪಾನೂ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ತಗೊಂಡ್ ಬಾರಪ್ಪ ಈ ಕಡೆ."

ಭೈರೇಶ್ ಅಪ್ಪನ ಗ್ರಾನೈಟನ್ನು ನೋಡಿದ. ಅಮ್ಮನ ಮುಖ ನೋಡಿದ. ಬಾಯಿಗೆ ಹಾಕಿದ್ದ ಅಕ್ಕಿಯ ಕಾಳೊಂದು ಗಲ್ಲಕ್ಕೆ ಅಂಟಿಕೊಂಡಿತ್ತು. ಬಗ್ಗಿ ಅದನ್ನು ತೆಗೆದ. ಎಷ್ಟು ಹೊತ್ತಾದರೂ ಅವನು ಏಳಲಿಲ್ಲ. ಕುಸುಮಾ ಮುಂದೆ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಹೇಳಿದ್ದಿದ್ರೆ ನಾನು ಅಳ್ತಿದ್ದೆ, ನಿಜ," ಎಂದ ಭೈರೇಶ್, ಯಾರಿಗೆಂದು ತಿಳಿಯದಂತೆ. "ಅತ್ತು ಆಮೇಲೆ ಹೂಂ ಅಂತಿದ್ದೆ." ಚಟ್ಟದ ಒಂದು ಬಿದಿರಿಗೆ ಹೆಗಲು ಕೊಟ್ಟು ಎದ್ದ.

ಜೆಸಿಬಿ ಹೊಸ ಗುಂಡಿ ತೋಡಿತು. ಲಕ್ಷ್ಮಿದೇವಮ್ಮನನ್ನು ಒಳಗಿಳಿಸಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ದಿವ್ಯ ಹಿಂದೆಯೇ ನಿಂತಿದ್ದಳು. ಕುಸುಮಾ ಅವಳ ಕೈ ಹಿಡಿದು ಎಳೆದು ತಂದಳು. ದಿವ್ಯ ಮಣ್ಣು ಹಿಡಿದು ಗುಂಡಿಯ ಮೇಲೆ ಕೈ ಚಾಚಿದಳು. ಮಣ್ಣು ಬೆರಳ ಸಂದಿನಿಂದ ತಾನೇ ಉದುರಿತು.

"ಆಯ್ತು, ತಿರುಗಿ ನೋಡ್ದೆ ನಡೀರಿ," ಎಂದರು ಹಿರಿಯರೊಬ್ಬರು. ಜನ ಬೇಲಿಯ ಕಡೆ ಸಾಗಿದರು.

"ಅದನ್ನೇನು ಮಾಡ್ಲಿ ಅಣ್ಣ? ತೋಡಿದ ಗುಂಡಿ ಬಾಯಿ ಬಿಟ್ಕೊಂಡಿದೆ," ಎಂದು ಜೆಸಿಬಿಯವನು ಮೊದಲಿನ ಗುಂಡಿಯ ಕಡೆ ಕೈ ತೋರಿಸಿದ. "ಎರಡು ಸಲ ಬಕೆಟ್ ಹಾಕಿದ್ರೆ ಮುಚ್ಚೋಗುತ್ತೆ."

"ಬೇಡ. ನೀನು ಹೋಗು," ಎಂದ ಭೈರೇಶ್. "ನಾನು ಮುಚ್ತೀನಿ."

ಗಾಡಿ ಹೊರಟು ಹೋಯಿತು. ಕುಸುಮಾ ಹೆಂಗಸರ ಜೊತೆ ಸ್ನಾನಕ್ಕೆಂದು ಮನೆಯ ಕಡೆ ನಡೆದಳು. ಕೆಂಪಯ್ಯ ದಿವ್ಯಳಿಗೆ ಬಸ್ಸು ಸಿಗುವ ದಾರಿ ಹೇಳಿ ಹೊರಟರು.

ತಿರುಗಿ ನೋಡಬಾರದೆಂದದ್ದು ಮನೆಯವರಿಗೆ ಮಾತ್ರವೋ ತನಗೂ ಸೇರಿಯೋ ದಿವ್ಯಳಿಗೆ ಗೊತ್ತಾಗಲಿಲ್ಲ. ಬೇಲಿ ದಾಟುವಾಗ ಅವಳು ನೋಡಿದಳು. ಮುಚ್ಚಲು ಶುರುಮಾಡಿದ್ದ ಮೊದಲ ಗುಂಡಿಯ ಅಂಚಿನಲ್ಲಿ ಸನಿಕೆ ಬಿದ್ದಿತ್ತು. ಆ ದೊಡ್ಡ ಆಳು, ಬಿಳಿ ಪಂಚೆಯೆಲ್ಲ ಕೆಮ್ಮಣ್ಣು ಮಾಡಿಕೊಂಡು, ಎರಡೂ ಕಾಲು ಗುಂಡಿಯೊಳಗೆ ಇಳಿಬಿಟ್ಟು, ಅಪ್ಪನ ಕಪ್ಪು ಕಲ್ಲಿನ ಪಕ್ಕದ ಅಂಚಿನಲ್ಲಿ, ಅದರ ಕಡೆ ಮುಖ ತಿರುಗಿಸಿ ಕುಳಿತಿದ್ದ. ಏನು ಹೇಳುತ್ತಿದ್ದನೋ ಅಷ್ಟು ದೂರಕ್ಕೆ ಕೇಳಿಸುತ್ತಿರಲಿಲ್ಲ. ಕೈ ಆಡಿಸುತ್ತ, ನಡುನಡುವೆ ಕಲ್ಲನ್ನು ಅಂಗೈಯಿಂದ ತಟ್ಟುತ್ತ, ಒಂದೇ ಸಮನೆ ಮಾತಾಡುತ್ತಿದ್ದ.